ಒಂದು ಸಲ ಕರೆಯಲಿ

ವೀರಬಸಪ್ಪನ ತುಟಿ ಅಲುಗಿದಾಗ ಕಾಶವ್ವ ಅವನ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಅದು ಜಾರದಂತೆ ಕೆಳಗಿನಿಂದ ತನ್ನ ಕೈ ಕೊಟ್ಟು ಹಿಡಿದಿದ್ದಳು. ಪಾರ್ಶ್ವವಾಯು ಹೊಡೆದ ಮೇಲೆ ಗಂಡನ ಮಾತು ನಿಂತುಹೋಗಿತ್ತು, ಯಾರ ಗುರುತೂ ಹತ್ತುತ್ತಿರಲಿಲ್ಲ. ಆದರೂ ದಾಸರಹಳ್ಳಿಯ ಆ ಬಾಡಿಗೆ ಮನೆಯಲ್ಲಿ ಅವಳು ದಿನವೂ ನಸುಕಿಗೇ ಸ್ನಾನ ಮಾಡಿ, ಅವನ ಮೈ ಒರೆಸಿ, ಇಬ್ಬರ ಹಣೆಗೂ ವಿಭೂತಿ ಹಚ್ಚಿ ಶಿವನಲ್ಲಿ ಒಂದನ್ನೇ ಬೇಡುತ್ತಿದ್ದಳು: ಇವರು ಒಂದು ಸಲ ನನ್ನನ್ನು ಕರೆಯಲಿ.

“ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡ್ಯಲ್ಲಮ್ಮಾ, ಇನ್ನೂ ಯಾಕೆ ಆಸೆ ಇಟ್ಕೊಂಡಿದೀಯಾ?” ಎಂದು ಮಗಳು ಭಾಗ್ಯಶ್ರೀ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: “ಶಿವ ಕೊಡೂ ಹೊತ್ತಿಗೆ ನಾ ತಯಾರ ಇರಬೇಕಲ್ಲವಾ.”

ಈಗ ವೀರಬಸಪ್ಪನ ಕಣ್ಣು ಅವಳ ಮುಖದ ಮೇಲೆ ಬಂದು ನಿಂತಿತು. ಕಾಶವ್ವ ಬಾಗಿದಳು. “ಏನ್ರೀ? ನಾನ್ರೀ... ಹೇಳ್ರೀ.”

“ಅವ್ವಾ,” ಎಂದ ಅವನು.

ಮೊದಲರ್ಧ ಗಂಟಲಲ್ಲೇ ಉಳಿದು ತನ್ನ ಹೆಸರಿನ ಕೊನೆಯಷ್ಟೇ ಬಂದಿರಬೇಕು ಎಂದುಕೊಂಡಳು. “ಹೂಂರೀ, ನಾ ಕಾಶವ್ವರೀ!” ಎಂದು ಇನ್ನಷ್ಟು ಹತ್ತಿರ ಸರಿದಳು.

“ಅವ್ವಾ, ನಾ ಇವತ್ತ ಸಾಲಿಗೆ ಹೋಗಂಗಿಲ್ಲ.”

ಕಾಶವ್ವನಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಬೇಡಿಕೊಂಡ ಶಿವನಿಗೆ ಈಗ ಏನು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಆ ಎರಡು ಕಣ್ಣುಗಳು ಹೆದರಿಕೆಯಿಂದ ಅವಳ ಉತ್ತರಕ್ಕೇ ಕಾಯುತ್ತಿದ್ದವು.

“ಆತು ಮಗಾ,” ಎಂದಳು, “ಇವತ್ತ ಹೋಗಬ್ಯಾಡ.”