ಮಿಕ್ಕ ಸ್ಕ್ರೂ

ಅತ್ತೆ ಅಳಿಯನ ಜೊತೆ ನೇರವಾಗಿ ಮಾತನಾಡುವವರಲ್ಲ. ಏನಿದ್ದರೂ ಮಗಳ ಮೂಲಕವೇ. ಆ ಮಗಳು ವಾರಿಜಾ ಹೂವು ತರಲು ಪೇಟೆಗೆ ಹೋಗಿದ್ದಳು. ಸಂಜೆ ಅವಳ ತಂಗಿಯ ಸೀಮಂತ. ಫೋಟೊ ತೆಗೆಯುವ ಹೊಣೆ ಅಳಿಯನದು.

ಅವನ ಹಳೇ ಲೆನ್ಸೋ, ಫೋಕಸ್ ಹಿಡಿಯದೆ ಗೊರಗೊರ ಎನ್ನುತ್ತ ಹಿಂದೆ ಮುಂದೆ ಓಡಾಡುತ್ತಿತ್ತು. ಇಷ್ಟಕ್ಕೆಲ್ಲ ರಿಪೇರಿಯವನು ಯಾಕೆ ಎಂದುಕೊಂಡು, ಊಟದ ಮೇಜಿನ ಮೇಲೆ ಅದನ್ನು ತಾನೇ ಬಿಚ್ಚಿದ. ಧೂಳು ಒರೆಸಿ ಜೋಡಿಸಿದ. ಕ್ಯಾಮೆರಾಗೆ ಹಾಕಿ ಮೇಜಿನಾಚೆ ಕೂತಿದ್ದ ಅತ್ತೆಯತ್ತ ತಿರುಗಿಸಿದರೆ, ಅವರು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದ ಕನ್ನಡಕದ ಮೇಲೆ ಫೋಕಸ್ ಟಕ್ಕೆಂದು ಕೂತಿತು.

"ನೋಡಿದ್ರಾ ಅತ್ತೆ? ಹೊಸದರ ಹಾಗಾಯ್ತು!"

ಅತ್ತೆ ಏನೋ ಹೇಳಲು ಬಾಯಿ ತೆರೆದು, ಸೆರಗು ಸರಿಮಾಡಿಕೊಂಡು, ಮಗಳು ಬಂದಳೇ ಎಂದು ಬಾಗಿಲ ಕಡೆ ನೋಡಿದರು.

ಕ್ಯಾಮೆರಾ ಕೆಳಗಿಟ್ಟಾಗ ಕಂಡಿತು: ಮೇಜಿನ ಮೇಲೆ ಒಂದು ಪುಟ್ಟ ಸ್ಕ್ರೂ ಮಿಕ್ಕಿದೆ.

ಗಡಿಬಿಡಿಯಲ್ಲಿ ಲೆನ್ಸ್ ಮತ್ತೆ ಬಿಚ್ಚಿದ. ಹೇಗೋ ಒಂದು ತೂತು ಹುಡುಕಿ ಸ್ಕ್ರೂ ತುರುಕಿ, ಬಲವಾಗಿ ತಿರುಗಿಸಿದ. ಒಳಗೆ ಏನೋ ಲಟಕ್ಕೆಂದಿತು. ಆಮೇಲೆ ಲೆನ್ಸ್ ಅಲುಗಲೇ ಇಲ್ಲ.

ಅಷ್ಟರಲ್ಲಿ ವಾರಿಜಾ ಹೂವಿನ ಚೀಲ ಹಿಡಿದು ಬಂದಳು.

"ಏನ್ರೀ, ಸರಿಹೋಯ್ತಾ?"

"ಸರಿಹೋಗಿತ್ತು ಕಣೇ. ಒಂದು ಸ್ಕ್ರೂ ಮಿಕ್ಕಿತ್ತು. ಅದನ್ನ ಹಾಕಿದ್ಮೇಲೆ ಪೂರ್ತಿ ಕೆಟ್ಟೋಯ್ತು."

ಅತ್ತೆ ಮಗಳನ್ನು ಪಕ್ಕಕ್ಕೆ ಕರೆದರು.

"ಅಳಿಯಂದ್ರಿಗೆ ಹೇಳೇ ವಾರಿಜಾ, ಅದು ನನ್ನ ಕನ್ನಡಕದ ಸ್ಕ್ರೂ ಅಂತ."