ಜಿಜಾಬಾಯಿಯ ಅರ್ಧ ಕಿಲೋ

ಸುತ್ತಿಗೆಯ ಏಟಿಗೆ ಹಾರ್ಡ್ ಡಿಸ್ಕ್ ಬಾಯ್ಬಿಟ್ಟಿತು. ಜಿಜಾಬಾಯಿ ಅದರೊಳಗಿನ ಅಯಸ್ಕಾಂತವನ್ನು ಕಿತ್ತು ಡಬ್ಬಿಗೆ ಹಾಕಿದಾಗ, ಗುಜರಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ರತ್ನಮಾಲಾ ದಡಬಡನೆ ಒಳಗೆ ಬಂದಳು. ಆಕೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದದ್ದೇ ಅಂಥದೊಂದು ಡಿಸ್ಕಿಗಾಗಿ. ಆಕೆಯ ಎಂಬ್ರಾಯ್ಡರಿ ಮಷಿನ್ ಇಪ್ಪತ್ತು ವರ್ಷ ಹಳೆಯ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ಡಿಸೈನುಗಳೆಲ್ಲ ಸಿ.ಡಿ.ಯಲ್ಲಿ ಭದ್ರವಾಗಿದ್ದವು, ಆದರೆ ಡಿಸ್ಕ್ ಸತ್ತು ವಾರವಾಗಿತ್ತು. ಈಗಿನ ಡಿಸ್ಕುಗಳು ಆ ಕಂಪ್ಯೂಟರಿಗೆ ಕೂಡುವುದಿಲ್ಲ. ಹಳೆಯದಕ್ಕೆ ಆನ್‌ಲೈನಿನಲ್ಲಿ ಚಿನ್ನದ ಬೆಲೆ.

“ಇಡೀದು ಒಂದೂ ಉಳಿದಿಲ್ಲೇನ್ರಿ ಅಕ್ಕಾ?”

“ಎಲ್ಲಾ ಒಡದೀನಿ ತಂಗಿ. ಬಿದ್ದ ಸೂಜಿ ಆರಿಸಾಕ ಟೇಲರ್ ಮಂದಿ ಮ್ಯಾಗ್ನೆಟ್ ಕೇಳ್ತಾರ. ನೀನೂ ಒಯ್ದೀಯಲ್ಲ?”

ಹೌದು, ವರ್ಷಕ್ಕೆರಡು ಒಯ್ದಿದ್ದಳು. ಎಲ್ಲಿಂದ ಬರುತ್ತವೆಂದು ಒಮ್ಮೆಯೂ ಕೇಳಿರಲಿಲ್ಲ. ತಲೆ ತಗ್ಗಿಸಿದವಳ ಕಣ್ಣು ತಕ್ಕಡಿಯ ಮೇಲೆ ಬಿತ್ತು. ತೂಕದ ಕಲ್ಲಿನ ಜಾಗದಲ್ಲಿ ಕೂತಿತ್ತು ಇಡಿಯಾದ ಒಂದು ಡಿಸ್ಕ್, ಅಗಲವಾದ ಪಿನ್ನಿನ ಸಾಲಿನ ಹಳೇ ಜಾತಿಯದು, ಆಕೆಗೆ ಬೇಕಾದದ್ದೇ.

“ಅದು ನನ್ನ ಅರ್ಧ ಕಿಲೋ. ಕೊಟ್ರ ನಾ ತೂಗೋದು ಹ್ಯಾಂಗ?”

ರತ್ನಮಾಲಾ ಚೀಲದಿಂದ ತನ್ನ ಸತ್ತ ಡಿಸ್ಕನ್ನು ತೆಗೆದು ಎದುರಿನ ತಟ್ಟೆಯಲ್ಲಿಟ್ಟಳು. ಮುಳ್ಳು ಅತ್ತಿತ್ತ ತೂಗಾಡಿ ನಟ್ಟನಡುವೆ ನಿಂತಿತು.

“ಬರೋಬರ್ ಅದ,” ಜಿಜಾಬಾಯಿ ನಕ್ಕಳು. “ಒಯ್ಯಿ. ಕಲ್ಲಿಗೆ ಕಲ್ಲು ಬಂತು, ರೊಕ್ಕ ಯಾಕ?”

ಊರಿಗೆ ಮರಳಿ ಡಿಸ್ಕ್ ಜೋಡಿಸಿದಳು. ಕಂಪ್ಯೂಟರಿನ ಪಕ್ಕೆಗೆ ವರ್ಷಗಳಿಂದ ಸೂಜಿಗಳನ್ನು ಹೊತ್ತು ಅಂಟಿಕೊಂಡಿದ್ದ ಅಯಸ್ಕಾಂತವನ್ನು, ಹಳೆಯ ಡಿಸ್ಕನ್ನು ಕೊಂದದ್ದು ಅದೇ ಇರಬಹುದೆಂಬ ಅನುಮಾನದಿಂದ, ಮೊದಲು ಕಿತ್ತು, ದೂರದ ಕಿಟಕಿಯ ಸರಳಿಗೆ ಅಂಟಿಸಿದಳು. ಆಮೇಲೆ ಗುಂಡಿ ಒತ್ತಿದಳು. ಡಿಸ್ಕ್ ಗುಂಯ್ ಎಂದು ತಿರುಗತೊಡಗಿತು. ಆಕೆ ಡಿಸೈನುಗಳ ಸಿ.ಡಿ.ಯನ್ನು ಕೈಗೆತ್ತಿಕೊಂಡಳು.