ಕಣ್ಣು ಮುಚ್ಚಿದ ಹತ್ತು ನಿಮಿಷ

"ಅಪ್ಪಾ, ಬೆರಳು!" ಎಂದು ಮಗಳು ಗದರಿದಾಗಲೇ ಕ್ಷೌರಿಕನಿಗೆ ಗೊತ್ತಾಗಿದ್ದು, ತೊಡೆಯ ಮೇಲಿಟ್ಟ ತನ್ನ ಬಲಗೈ ಮತ್ತೆ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದೆ ಎಂದು. ಬೆಳಗ್ಗೆ ಎದ್ದು ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಅಂಗಡಿಯಲ್ಲಿ ದಿನವಿಡೀ ಸಿಡಿಮಿಡಿ ಇರುವುದಿಲ್ಲವೆಂದು ಅವಳೇ ಮೊಬೈಲಿನಲ್ಲಿ ಅಲಾರಂ ಇಟ್ಟು ಕೂರಿಸಿದ್ದಳು. ಇವತ್ತಿಗೆ ನಾಲ್ಕನೇ ದಿನ. ಕೂತರೆ ಸಾಕು, ಮೈಮೇಲೆಲ್ಲ ಇರುವೆ ಹರಿದಂತಾಗುತ್ತಿತ್ತು.

ಕಾರಣ, ಹಿತ್ತಲ ಬಾಗಿಲಿನಿಂದ ಬರುವ ಆ ಕರಕರ ಸದ್ದು. ಐವತ್ತು ವರ್ಷ ಊರವರ ಗಡ್ಡ ಹೆರೆದ ಅವನ ಅಪ್ಪ ಈಗ ನಡುಗುವ ಕೈಯಲ್ಲಿ ತನ್ನ ಗಡ್ಡ ತಾನೇ ಹೆರೆದುಕೊಳ್ಳುತ್ತಿದ್ದ. ಕೆನ್ನೆಯ ಮೇಲೆ ದಿನಕ್ಕೊಂದು ಹೊಸ ಗಾಯ. ಮಗ ಕೈ ಚಾಚಿದರೆ, "ನಿಂಗೆ ಕತ್ತಿ ಹಿಡಿಯೋದು ಕಲಿಸ್ದೋನು ಯಾರು?" ಎಂದು ಹರಿಹಾಯುತ್ತಿದ್ದ.

ಸದ್ದು ತಟ್ಟನೆ ನಿಂತಿತು. ಕ್ಷೌರಿಕ ರೆಪ್ಪೆ ಬಿಗಿಹಿಡಿದು ಕಾದ. ಮತ್ತೆ ಸದ್ದಿಲ್ಲ. ತಡೆಯಲಾರದೆ ಕಣ್ಣು ಬಿಟ್ಟರೆ ಎದುರಿಗೇ ಅಪ್ಪ ನಿಂತಿದ್ದಾನೆ. ಅರ್ಧ ಮುಖ ನೊರೆ, ಗಲ್ಲದಲ್ಲಿ ರಕ್ತ, ಕತ್ತಿಯ ಹಿಡಿ ಮಗನ ಕಡೆಗೆ.

"ಹೆಂಗೂ ಸುಮ್ನೆ ಕೂತಿದ್ದೀಯಲ್ಲ," ಎಂದ, ಗೋಡೆ ನೋಡುತ್ತ.

ಮಗ ಎದ್ದು ಅಪ್ಪನನ್ನು ತಾನು ಕೂತಿದ್ದ ಕುರ್ಚಿಯಲ್ಲಿ ಕೂರಿಸಿ, ಎರಡು ಬೆರಳಿನಿಂದ ಗಲ್ಲ ಎತ್ತಿದ. ಅಪ್ಪ ಕಣ್ಣು ಮುಚ್ಚಿದ. ಅಲಾರಂ ಹೊಡೆದು ಹೊಡೆದು ತಾನೇ ಸುಮ್ಮನಾಯಿತು. ಗಡ್ಡ ಹೆರೆಯುವ ಮಗನ ಕೈ ಒಂದಿಷ್ಟೂ ತಪ್ಪಲಿಲ್ಲ. ಮುಖ ಒರೆಸಿದ ಮೇಲೆ ಮುದುಕ ಕೆನ್ನೆ ಸವರಿಕೊಂಡು, ಗಿರಾಕಿಯ ಗತ್ತಿನಲ್ಲಿ ಕೇಳಿದ: "ನಾಳೆ ಎಷ್ಟು ಹೊತ್ತಿಗೆ ಬರ್ಲಿ?"